ಗರಸು ಹೋದ ನೆಲಕ್ಕೆ ಹುಲ್ಲು ಮರಳಬೇಕು

2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಗಣಿಗಳ ಬಗ್ಗೆ ಒಂದು ಆದೇಶ ಕೊಟ್ಟಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಎಸ್. ಎ. ಬೋಬ್ಡೆ ಅವರಿದ್ದ ಪೀಠದ ಮಾತು ಇಷ್ಟು: ಗಣಿ ಕೆಲಸ ಮುಗಿಸಿದ ಗುತ್ತಿಗೆದಾರ ತಾನು ಅಗೆದ ಜಾಗದಲ್ಲೂ, ಗಣಿಯಿಂದ ಕೆಟ್ಟುಹೋದ ಅಕ್ಕಪಕ್ಕದ ಜಾಗದಲ್ಲೂ ಮತ್ತೆ ಹುಲ್ಲು ಬೆಳೆಸಬೇಕು. ಆ ನೆಲ ಮೇವಿಗೆ, ಗಿಡಗಂಟಿಗೆ, ಪ್ರಾಣಿಪಕ್ಷಿಗಳಿಗೆ ತಕ್ಕ ಸ್ಥಿತಿಗೆ ಬರಬೇಕು. ಈ ಷರತ್ತು ಗುತ್ತಿಗೆ ಪತ್ರದಲ್ಲಿ, ಪರಿಸರ ಅನುಮತಿಯಲ್ಲಿ, ಗಣಿ ಯೋಜನೆಯಲ್ಲಿ ಸೇರಬೇಕು. ಅದೇ ತಿಂಗಳು ಕೇಂದ್ರ ಪರಿಸರ ಸಚಿವಾಲಯ ಈ ಬಗ್ಗೆ ಜ್ಞಾಪನವನ್ನೂ ಹೊರಡಿಸಿತು.

ನಮ್ಮ ದೇಶದಲ್ಲಿ ಹಾಳಾದ ನೆಲವನ್ನು ಸರಿಪಡಿಸುವ ಮಾತು ಬಂದರೆ ಎಲ್ಲರ ಬಾಯಲ್ಲೂ ಬರುವುದು ಸಸಿ ನೆಡುವುದು. ಎಷ್ಟು ಸಾವಿರ ಸಸಿ, ಯಾರು ನೆಟ್ಟರು, ಯಾರು ನೀರೆರೆದರು ಎಂಬುದೇ ವರದಿ. ಹೀಗಿರುವಾಗ ದೇಶದ ಅತ್ಯುನ್ನತ ನ್ಯಾಯಾಲಯ ಹುಲ್ಲಿನ ಹೆಸರು ಹಿಡಿದು ಹೇಳಿದ್ದು ಸಣ್ಣ ಸಂಗತಿಯಲ್ಲ. ಕಬ್ಬಿಣದ ಅದಿರಿನ ಗಣಿಗೆ ಈ ಮಾತು ಎಷ್ಟು ಹೊಂದುತ್ತದೆ ಎಂಬ ಚರ್ಚೆ ಬೇರೆ ಇದೆ. ನಾನು ಇಲ್ಲಿ ಹೇಳಬೇಕೆಂದಿರುವುದು ಅದಕ್ಕಿಂತ ಬಹಳ ಚಿಕ್ಕದಾದ, ಆದರೆ ಬಯಲುಸೀಮೆಯ ಊರೂರಿನಲ್ಲೂ ಕಾಣುವ ಗಣಿಯ ಬಗ್ಗೆ. ರಸ್ತೆಗೆ, ಮನೆಯ ತಳಪಾಯಕ್ಕೆ, ಬಡಾವಣೆಯ ತಗ್ಗು ತುಂಬಲು ಗರಸು ತೆಗೆದ ಗುಂಡಿಗಳು. ಉತ್ತರ ಕರ್ನಾಟಕದಲ್ಲಿ ಮೊರಂ ಎನ್ನುತ್ತಾರೆ, ತೆಂಕಣ ಸೀಮೆಯಲ್ಲಿ ಗ್ರಾವೆಲ್ ಎಂದೇ ಕರೆಯುತ್ತಾರೆ. ಈ ಗುಂಡಿಗಳಿಗೆ ಸುಪ್ರೀಂ ಕೋರ್ಟಿನ ಮಾತು ಅಕ್ಷರಶಃ ಒಪ್ಪುತ್ತದೆ. ಹುಲ್ಲು ಮರಳಬೇಕಾದರೆ ಅದರ ಕೆಲಸ ಗುಂಡಿ ಮುಚ್ಚುವ ದಿನ ಶುರುವಾಗುವುದಲ್ಲ, ಜೆಸಿಬಿ ಮೊದಲ ಬಕೆಟ್ ಮಣ್ಣೆತ್ತುವ ದಿನವೇ ಶುರುವಾಗಬೇಕು ಎಂಬುದು ನನ್ನ ವಾದ.

ಗರಸು ಎಲ್ಲಿ ಸಿಗುತ್ತದೆ ನೋಡಿ. ಚಿತ್ರದುರ್ಗ, ತುಮಕೂರು, ಕೊಪ್ಪಳ, ಹಾವೇರಿಯ ಕಡೆ ಕಪ್ಪು ಎರೆಮಣ್ಣು ತಗ್ಗಿನಲ್ಲಿರುತ್ತದೆ, ದಿಬ್ಬಗಳ ಓರೆಯಲ್ಲಿ ಮಣ್ಣು ತೆಳ್ಳಗಿರುತ್ತದೆ. ಗೇಣುದ್ದ ಕೆಂಪು ಮಣ್ಣು, ಅದರ ಕೆಳಗೆ ಕೊಳೆತು ಸಡಿಲವಾದ ಕಲ್ಲು. ಅದೇ ಗರಸು. ಅಲ್ಲಿ ನೇಗಿಲು ಓಡುವುದು ಕಷ್ಟ, ಹಾಗಾಗಿ ಆ ನೆಲ ಬೇಸಾಯಕ್ಕೆ ಬರಲಿಲ್ಲ. ಊರವರು ಅದನ್ನು ದನ ಕುರಿ ಮೇಯಿಸಲು ಬಿಟ್ಟರು. ಕಂದಾಯದ ದಾಖಲೆಯಲ್ಲಿ ಅದು ಗೋಮಾಳವಾಯಿತು, ಕೆಲವು ಕಡೆ ಕಾವಲಾಯಿತು, ಎಷ್ಟೋ ಕಡೆ ಬರೀ ಖರಾಬು ಎಂದಾಯಿತು. ಖರಾಬು ಎಂದು ಬರೆದ ಮೇಲೆ ಅಗೆಯಲು ಯಾರಿಗೂ ಮನಸ್ಸು ಅಳುಕುವುದಿಲ್ಲ. ರಸ್ತೆಗೆ ಬೇಕಾದ ಗರಸು ಹುಲ್ಲಿನ ಕೆಳಗೇ ಇದೆ, ಹುಲ್ಲಿನ ನೆಲ ಯಾರದ್ದೂ ಅಲ್ಲ ಎಂಬ ಭಾವನೆ ಇದೆ. ಊರ ಮೇವಿನ ನೆಲಕ್ಕೆ ಟಿಪ್ಪರುಗಳು ಸಾಲಾಗಿ ಬರುವುದು ಈ ಎರಡು ಕಾರಣಗಳಿಂದ.

ಆ ನೆಲದ ಮೇಲೆ ಏನಿತ್ತು ಎಂದು ಕುರುಬರನ್ನು ಕೇಳಿದರೆ ಹೇಳುತ್ತಾರೆ. ಪೊರಕೆ ಕಟ್ಟುವ ಹಂಚಿಕಡ್ಡಿ, ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು, ತಗ್ಗಿನಲ್ಲಿ ಗರಿಕೆ, ನಡುನಡುವೆ ತಂಗಡಿ, ಬಂದರೆ, ಕಾರೆ, ಕವಳೆ, ಎಲಚಿ, ಅಲ್ಲೊಂದು ಇಲ್ಲೊಂದು ತುಗ್ಗಲಿ, ಕಗ್ಗಲಿ. ಗೌಜಲಹಕ್ಕಿ ಈ ಪೊದೆಗಳಲ್ಲಿ ಅಡಗುತ್ತದೆ. ಟಿಟ್ಟಿಭ ಬರಿಯ ಗರಸಿನ ಮೇಲೇ ಮೊಟ್ಟೆಯಿಡುತ್ತದೆ. ಮೊಲ, ಗುಳ್ಳೆನರಿ, ತೋಳ ಇದೇ ನೆಲವನ್ನು ನಂಬಿದವು. ಮರ ಕಡಿಮೆ ಎಂಬುದು ಈ ನೆಲದ ಕೊರತೆಯಲ್ಲ, ಅದರ ಸ್ವಭಾವ.

ಈಗ ಗುಂಡಿಯ ಒಳಗೆ ಇಳಿಯೋಣ. ಎರಡೂವರೆ ಮೂರು ಮೀಟರ್ ಆಳದಲ್ಲಿ ತಳ ಗಟ್ಟಿಯಾಗಿರುತ್ತದೆ. ಟಿಪ್ಪರ್ ಚಕ್ರಗಳು ಓಡಾಡಿ ಅದನ್ನು ರಸ್ತೆಯಷ್ಟೇ ಬಿಗಿ ಮಾಡಿರುತ್ತವೆ. ಮಳೆ ಬಿದ್ದರೆ ನೀರು ಇಂಗದೆ ನಿಲ್ಲುತ್ತದೆ ಅಥವಾ ಕೊಚ್ಚಿ ಹರಿಯುತ್ತದೆ, ಬಿಸಿಲು ಬಂದರೆ ತಳ ಕಾದ ಹಂಚಾಗುತ್ತದೆ. ಬದಿಗಳು ನೆಟ್ಟಗೆ ನಿಂತಿರುವುದರಿಂದ ಪ್ರತಿ ಮಳೆಗೂ ಕುಸಿಯುತ್ತವೆ, ಅಲ್ಲಿ ಬೇರೂರಿದ ಗಿಡ ಮಣ್ಣಿನ ಜೊತೆ ಕೆಳಗೆ ಬೀಳುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು, ಯಂತ್ರದಿಂದ ಸರಿಪಡಿಸಬಹುದಾದವು. ತಳವನ್ನು ಓರೆಗೆ ಅಡ್ಡಲಾಗಿ ಆಳವಾಗಿ ಸೀಳಬಹುದು, ಬದಿಗಳನ್ನು ಇಳಿಜಾರು ಮಾಡಬಹುದು. ಸೀಳಿದ ತಳವನ್ನು ಮತ್ತೆ ಸಮ ಮಾಡಲು ಹೋಗದಿರುವುದೂ ಮುಖ್ಯ. ಉಬ್ಬುತಗ್ಗು, ಬಿಟ್ಟುಹೋದ ಕಲ್ಲು, ಅವುಗಳ ನೆರಳಿನಲ್ಲಿ ಸಿಕ್ಕಿಕೊಂಡ ಧೂಳು ಇವೇ ಬೀಜ ಮೊಳೆಯುವ ಜಾಗಗಳು. ಅಚ್ಚುಕಟ್ಟಾಗಿ ಹಸನು ಮಾಡಿದ ತಳದಲ್ಲಿ ಬೀಜ ನಿಲ್ಲುವುದೇ ಇಲ್ಲ.

ಕಣ್ಣಿಗೆ ಕಾಣದ ತೊಂದರೆ ಇದಕ್ಕಿಂತ ದೊಡ್ಡದು. ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿದ್ದ ಆಂಥನಿ ಬ್ರಾಡ್‌ಶಾ ಗಣಿಯ ತ್ಯಾಜ್ಯದ ಮೇಲೆ ಗಿಡ ಬೆಳೆಸುವ ವಿಜ್ಞಾನಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರು. ಕಾರ್ನ್‌ವಾಲ್‌ನ ಜೇಡಿ ಗಣಿಗಳ ಬಿಳಿ ಮರಳುಗುಡ್ಡೆಗಳಲ್ಲಿ ಅವರ ತಂಡ ಕಂಡುಕೊಂಡದ್ದು ಸಾರಜನಕದ ಲೆಕ್ಕ. ಹೊರಗಿನ ಗೊಬ್ಬರವಿಲ್ಲದೆ ಸಸ್ಯಸಮೂಹ ತನ್ನ ಪಾಡಿಗೆ ತಾನು ಬದುಕಬೇಕಾದರೆ ಒಂದು ಹೆಕ್ಟೇರಿನ ಮಣ್ಣಿನಲ್ಲಿ ಸುಮಾರು 1,000 ಕಿಲೋ ಸಾರಜನಕ ಕೂಡಿರಬೇಕು. ಕಲ್ಲಿನಿಂದ ಸಾರಜನಕ ಬರುವುದಿಲ್ಲ. ರಂಜಕ, ಪೊಟ್ಯಾಷ್, ಸುಣ್ಣ ಕಲ್ಲು ಸವೆದಂತೆ ಅಷ್ಟಿಷ್ಟು ಸಿಗಬಹುದು. ಸಾರಜನಕ ಮಾತ್ರ ಗಾಳಿಯಿಂದ, ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಮೂಲಕ, ವರ್ಷ ವರ್ಷ ಕೂಡಿಬರಬೇಕು. ಒಂದು ಮಳೆಗಾಲದಲ್ಲಿ ಚೀಲಗಟ್ಟಲೆ ಯೂರಿಯಾ ಚೆಲ್ಲಿದರೆ ಹಸಿರು ಕಾಣುತ್ತದೆ, ಗರಸಿನಲ್ಲಿ ಅದು ನಿಲ್ಲದೆ ಮಳೆನೀರಿನ ಜೊತೆ ಇಳಿದುಹೋಗುತ್ತದೆ, ಮರುವರ್ಷ ಹಸಿರೂ ಇಲ್ಲ. ನೆಟ್ಟ ಸಸಿಗಳು ಮೊದಲ ವರ್ಷ ನಳನಳಿಸಿ ಮೂರನೆಯ ವರ್ಷಕ್ಕೆ ಕಡ್ಡಿಯಾಗುವುದಕ್ಕೆ ನೀರಿನ ಕೊರತೆಯನ್ನಷ್ಟೇ ದೂರುತ್ತೇವೆ. ಸಾರಜನಕದ ಬರ ನಮಗೆ ಕಾಣುವುದಿಲ್ಲ.

ಹಾಗಾದರೆ ಆ ಸಾರಜನಕ ಎಲ್ಲಿತ್ತು? ಮೇಲಿನ ಗೇಣುದ್ದ ಮಣ್ಣಿನಲ್ಲಿತ್ತು. ಬೇರು, ಕೊಳೆತ ಎಲೆ, ಸಗಣಿ, ಗೆದ್ದಲು, ಬೇರಿಗೆ ನೀರು ರಂಜಕ ತಂದುಕೊಡುವ ಶಿಲೀಂಧ್ರದ ಎಳೆಗಳು, ಮುಂದಿನ ಮಳೆಗೆ ಕಾದಿರುವ ಬೀಜ, ಎಲ್ಲವೂ ಅಲ್ಲೇ. ಹಾಲು ಎಷ್ಟಿದ್ದರೂ ಹೆಪ್ಪು ಬೀಳದೆ ಮೊಸರಾಗದು. ಗುಂಡಿಯ ತಳಕ್ಕೆ ಈ ಮೇಲ್ಮಣ್ಣು ಹಾಗೆ. ತೆಳ್ಳಗೆ ಹರಡಿದರೂ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಬೇರೆ ಯಾವುದೂ ಅದರ ಬದಲಿಗೆ ಬಾರದು. ಅಷ್ಟು ಮಣ್ಣನ್ನು ಈ ಬಯಲು ನೂರಾರು ವರ್ಷಗಳಲ್ಲಿ ಕಟ್ಟಿಕೊಂಡಿದೆ. ಅಗೆತದ ಮೊದಲ ಗಂಟೆಯಲ್ಲಿ ಅದನ್ನು ಗರಸಿನ ಜೊತೆ ಕಲಸಿ ಟಿಪ್ಪರಿಗೆ ತುಂಬುತ್ತೇವೆ, ಇಲ್ಲವೇ ಅಂಚಿಗೆ ತಳ್ಳಿ ಅದರ ಮೇಲೇ ದಾರಿ ಮಾಡುತ್ತೇವೆ.

ಮೇಲ್ಮಣ್ಣು ಉಳಿಸುವುದು ದುಬಾರಿ ಎಂಬ ಮಾತು ಗುತ್ತಿಗೆದಾರರಿಂದ ಬರುತ್ತದೆ. ಲೆಕ್ಕ ಹಾಕಿ ನೋಡೋಣ. 25 ಮೀಟರ್ ಅಗಲದ ರಸ್ತೆಗೆ ಒಂದು ಮೀಟರ್ ಎತ್ತರದ ಏರಿ ಹಾಕಬೇಕಾದರೆ ಒಂದು ಕಿಲೋಮೀಟರಿಗೆ 25,000 ಘನ ಮೀಟರ್ ಗರಸು ಬೇಕು. ಎರಡೂವರೆ ಮೀಟರ್ ಆಳಕ್ಕೆ ಅಗೆದರೆ ಒಂದು ಹೆಕ್ಟೇರ್ ಗೋಮಾಳ ಖಾಲಿಯಾಗುತ್ತದೆ. ಆ ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣನ್ನು ಬೇರೆ ತೆಗೆದಿಟ್ಟರೆ ಅದು 1,500 ಘನ ಮೀಟರ್. ಅಂದರೆ ಎತ್ತುವ ಒಟ್ಟು ಗರಸಿನ ನೂರಕ್ಕೆ ಆರು ಪಾಲು. ಅದನ್ನು ದೂರದ ರಸ್ತೆಗೆ ಸಾಗಿಸಬೇಕಿಲ್ಲ, ಗುಂಡಿಯ ಪಕ್ಕಕ್ಕೆ ಸರಿಸಿ ಮತ್ತೆ ಒಳಗೆ ಹರಡಿದರಾಯಿತು. ಕೋಟಿಗಟ್ಟಲೆ ಬಿಲ್ಲಾಗುವ ರಸ್ತೆ ಕಾಮಗಾರಿಯಲ್ಲಿ ಇದನ್ನು ದುಬಾರಿ ಎನ್ನುವುದನ್ನು ನಾನು ಒಪ್ಪಲಾರೆ.

ನಿಯಮವೂ ಇದೆ. ಕೇಂದ್ರ ಹೆದ್ದಾರಿ ಸಚಿವಾಲಯದ ರಸ್ತೆ ಮತ್ತು ಸೇತುವೆ ಕಾಮಗಾರಿಗಳ ನಿರ್ದಿಷ್ಟತೆಗಳ ಪುಸ್ತಕದಲ್ಲಿ ಮೇಲ್ಮಣ್ಣನ್ನು 150 ಮಿಲಿಮೀಟರ್ ಮೀರದಂತೆ ಬೇರೆ ತೆಗೆದು, ಎರಡು ಮೀಟರಿಗಿಂತ ಎತ್ತರವಾಗದ ರಾಶಿಗಳಲ್ಲಿ ಇಡುವ ಸೂಚನೆ ಇದೆ. ಸಸ್ಯ ಮತ್ತೆ ಬರಬೇಕಾದ ಕಡೆ ಅದನ್ನು ಹರಡಬೇಕೆಂದೂ ಇದೆ. ಆದರೆ ಅದನ್ನು ಎಂಜಿನಿಯರ್ ಹೇಳಿದಾಗ ಮಾಡತಕ್ಕದ್ದು ಎಂಬ ಧಾಟಿಯಲ್ಲಿ ಬರೆದಿದ್ದಾರೆ. ಎಂಜಿನಿಯರ್ ಕಣ್ಣಿರುವುದು ರಸ್ತೆಯ ಮೇಲೆ. ಹತ್ತು ಕಿಲೋಮೀಟರ್ ಆಚೆಯ ಗೋಮಾಳದ ಮೇಲ್ಮಣ್ಣಿನ ಬಗ್ಗೆ ಅವರು ಹೇಳುವುದು ಯಾವಾಗ? ಈ ಮಾತು ಐಚ್ಛಿಕವಾಗಿ ಉಳಿಯಕೂಡದು. ಮೇಲ್ಮಣ್ಣಿನ ರಾಶಿ ಅಳತೆಯಾಗಿ ದಾಖಲಾಗದೆ ಗರಸಿನ ಮೊದಲ ಲೋಡಿಗೆ ಪರವಾನಗಿ ಸಿಗಬಾರದು.

ಎರಡು ಮೀಟರ್ ಎಂಬ ಮಿತಿಗೆ ಕಾರಣವಿದೆ. ಎತ್ತರದ ರಾಶಿಯ ಒಳಗೆ ಗಾಳಿಯಾಡುವುದಿಲ್ಲ, ಎರೆಹುಳು ಸಾಯುತ್ತದೆ, ಶಿಲೀಂಧ್ರದ ಎಳೆಗಳು ಸಾಯುತ್ತವೆ, ಬೀಜ ಮೊಳೆತು ಅಲ್ಲೇ ಕೊಳೆಯುತ್ತದೆ. ತಗ್ಗು ರಾಶಿಯಲ್ಲೂ ಎರಡು ಮೂರು ವರ್ಷ ಬಿಟ್ಟರೆ ಮಣ್ಣಿನ ಜೀವ ಬಹುಪಾಲು ಹೋಗಿರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಜರ್ರಾ ಕಾಡಿನ ಬಾಕ್ಸೈಟ್ ಗಣಿಗಳಲ್ಲಿ ಈ ಪಾಠವನ್ನು ಹಲವು ದಶಕಗಳ ಪ್ರಯೋಗದಿಂದ ಕಲಿತಿದ್ದಾರೆ. ಅಲ್ಲಿಯದೂ ಜಂಬಿಟ್ಟಿಗೆಯ ಗರಸು ತುಂಬಿದ ನೆಲ. ಬೀಜಗಳಲ್ಲಿ ಹೆಚ್ಚಿನವು ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿರುತ್ತವೆ ಎಂದು ಕಂಡುಕೊಂಡ ಮೇಲೆ ಅವರು ಮಣ್ಣನ್ನು ಎರಡು ಪದರವಾಗಿ ತೆಗೆಯತೊಡಗಿದರು. ಹೊಸ ಗುಂಡಿಯ ಮೇಲ್ಪದರವನ್ನು ರಾಶಿ ಹಾಕದೆ ನೇರವಾಗಿ, ಅಗೆತ ಮುಗಿದ ಪಕ್ಕದ ಗುಂಡಿಗೆ ಒಯ್ದು ಹರಡಿದರು. ರಾಶಿಯಲ್ಲಿಟ್ಟ ಮಣ್ಣಿಗಿಂತ ಹೀಗೆ ತಾಜಾ ಹರಡಿದ ಮಣ್ಣಿನಲ್ಲಿ ಬಗೆಬಗೆಯ ಗಿಡಗಳು ಹೆಚ್ಚಾಗಿ ಮೊಳೆತವು. ಆ ಕಾಡನ್ನು ಅಗೆಯುವುದಕ್ಕೇ ಅಲ್ಲಿ ವಿರೋಧವಿದೆ, ಅದು ನ್ಯಾಯವಾದ ವಿರೋಧ. ಆದರೂ ಈ ವಿಧಾನ ನಮ್ಮ ಗರಸಿನ ಗುಂಡಿಗೆ ಇನ್ನಷ್ಟು ಸುಲಭ. ಹತ್ತು ಎಕರೆಯನ್ನು ಒಮ್ಮೆಲೇ ಕೆದರುವ ಬದಲು ಪಟ್ಟೆ ಪಟ್ಟೆಯಾಗಿ ಅಗೆಯಬೇಕು. ಎರಡನೆಯ ಪಟ್ಟೆಯ ಮೇಲ್ಮಣ್ಣು ಮೊದಲನೆಯದರ ಮೇಲೆ, ಮೂರನೆಯದರ ಮೇಲ್ಮಣ್ಣು ಎರಡನೆಯದರ ಮೇಲೆ. ರಾಶಿ ಹಾಕಬೇಕಾದ್ದು ಮೊದಲ ಪಟ್ಟೆಯದು ಮಾತ್ರ, ಅದು ಕೊನೆಯ ಪಟ್ಟೆಗೆ ಹೋಗುತ್ತದೆ.

ಮೇಲ್ಮಣ್ಣು ಈಗಾಗಲೇ ಹೋಗಿಬಿಟ್ಟ ಸಾವಿರಾರು ಹಳೆಯ ಗುಂಡಿಗಳ ಗತಿ ಏನು? ಇಲ್ಲಿ ಜೆಕ್ ಗಣರಾಜ್ಯದ ಒಂದು ಅಧ್ಯಯನ ನೆನಪಾಗುತ್ತದೆ. ಕ್ಲಾರಾ ರ್ಜೆಹೌನ್ಕೋವಾ ಮತ್ತು ಕಾರೆಲ್ ಪ್ರಾಖ್ ಎಂಬ ಸಸ್ಯವಿಜ್ಞಾನಿಗಳು ಆ ದೇಶದ ಬೇರೆ ಬೇರೆ ಭಾಗಗಳಲ್ಲಿ ಮರಳುಗರಸು ತೆಗೆದು ಬಿಟ್ಟ 36 ಗುಂಡಿಗಳನ್ನು ನೋಡಿದರು. ಕೆಲವು ಬಿಟ್ಟು ಒಂದು ವರ್ಷವಾಗಿತ್ತು, ಕೆಲವು 75 ವರ್ಷ. ಯಾರೂ ಏನೂ ನೆಡದೆ ಅಲ್ಲಿ ಏನು ಬಂತು ಎಂಬುದೇ ಅವರ ಪ್ರಶ್ನೆ. ಬಹಳ ಗುಂಡಿಗಳಲ್ಲಿ ಸಸ್ಯಗಳು ತಾವಾಗಿ ಬಂದಿದ್ದವು, ಚೆನ್ನಾಗಿಯೇ ಬಂದಿದ್ದವು. ಏನು ಬರುತ್ತದೆ ಎಂಬುದನ್ನು ನಿರ್ಧರಿಸಿದ್ದರಲ್ಲಿ ಅಂತರ್ಜಲದ ಮಟ್ಟ ಒಂದಾದರೆ, ಗುಂಡಿಯ ಸುತ್ತ ಸುಮಾರು ನೂರು ಮೀಟರ್ ಒಳಗೆ ಸಹಜ ಸಸ್ಯವರ್ಗ ಉಳಿದಿತ್ತೇ ಎಂಬುದು ಇನ್ನೊಂದು. ಸುತ್ತ ಒಳ್ಳೆಯ ಹುಲ್ಲುಗಾವಲಿದ್ದರೆ ಗುಂಡಿಗೂ ಅದೇ ಬರುತ್ತದೆ. ಸುತ್ತ ರೊಬಿನಿಯಾ ಎಂಬ ಹೊರನಾಡಿನ ಮರವಿದ್ದರೆ ಅದೇ ನುಗ್ಗುತ್ತದೆ.

ನಮ್ಮಲ್ಲಿ ರೊಬಿನಿಯಾದ ಜಾಗದಲ್ಲಿ ಬಳ್ಳಾರಿ ಜಾಲಿಯನ್ನು ಇಟ್ಟು ನೋಡಿದರೆ ಸಾಕು. ಬಯಲುಸೀಮೆಯ ಹಳೆಯ ಗುಂಡಿಗಳು ಜಾಲಿಯ ಪೊದೆಯಾಗಿರುವುದು ಆಕಸ್ಮಿಕವಲ್ಲ. ದನ ಕುರಿ ಜಾಲಿಯ ಕಾಯಿ ತಿನ್ನುತ್ತವೆ, ಬೀಜ ಹಿಕ್ಕೆಯಲ್ಲಿ ಬಿದ್ದು ಮೊಳೆಯುತ್ತದೆ, ಬೇರೆ ಯಾವ ಗಿಡವೂ ಪೈಪೋಟಿಗಿಲ್ಲದ ಬರಿದಾದ ತಳ ಅದಕ್ಕೆ ಸಿಕ್ಕ ಹಬ್ಬ. ಹಾಗಾಗಿ ಪ್ರಕೃತಿಗೇ ಬಿಟ್ಟುಬಿಡಿ ಎಂಬ ಸಲಹೆಯನ್ನು ಪೂರ್ತಿ ಒಪ್ಪಲಾಗದು. ಗುಂಡಿಯ ಅಂಚಿನಲ್ಲಿ ಇನ್ನೂ ಹಂಚಿಕಡ್ಡಿ, ತಂಗಡಿ ಇದ್ದರೆ ಬಿಟ್ಟುಬಿಡಬಹುದು, ಜಾಲಿಯ ಎಳೆಸಸಿಗಳನ್ನು ಮೊದಲ ಎರಡು ಮೂರು ಮಳೆಗಾಲ ಕಿತ್ತರೆ ಸಾಕು. ಎಳೆಯದಾದಾಗ ಕೈಯಲ್ಲಿ ಕೀಳಬಹುದು. ಬೇರು ಕಲ್ಲಿನೊಳಗೆ ಇಳಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಜೋಧಪುರ ಸಾಕ್ಷಿ. ಮೆಹರಾನ್‌ಗಢ ಕೋಟೆಯ ಬುಡದ ಸುಮಾರು 70 ಹೆಕ್ಟೇರ್ ಬಂಡೆನೆಲವನ್ನು ಜಾಲಿ ಆಕ್ರಮಿಸಿತ್ತು. 2006ರಲ್ಲಿ ಪ್ರದೀಪ್ ಕ್ರಿಶೆನ್ ಅವರ ನೇತೃತ್ವದಲ್ಲಿ ಅದನ್ನು ತೆಗೆಯುವ ಕೆಲಸ ಶುರುವಾಯಿತು. ಮೇಲೆ ಕಡಿದರೆ ಮತ್ತೆ ಚಿಗುರುತ್ತಿತ್ತು. ಕೊನೆಗೆ ನೆರವಿಗೆ ಬಂದವರು ಖಂಡ್ವಾಲಿಯಾ ಎಂದು ಕರೆಯುವ, ಮರಳುಗಲ್ಲಿನ ಗಣಿಗಳಲ್ಲಿ ದುಡಿದ ಕಲ್ಲುಕುಟಿಗರು. ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ, ದನಿ ಕೇಳಿ, ಬಿರುಕು ಎಲ್ಲಿದೆ ಎಂದು ತಿಳಿದು, ಬೇರಿನ ಬುಡದವರೆಗೆ ಕಲ್ಲು ಬಿಡಿಸಿದರು. ಆಮೇಲೆ ಅಲ್ಲಿ ಹಾಕಿದ್ದು ಥಾರ್ ಮರುಭೂಮಿಯ ಬಂಡೆಗಳಲ್ಲೇ ಬದುಕುವ ಗಿಡ, ಪೊದೆ, ಹುಲ್ಲುಗಳನ್ನು. ರಾವ್ ಜೋಧಾ ಉದ್ಯಾನವೆಂದು ಅದು ಈಗ ಹೆಸರಾಗಿದೆ. ಕಲ್ಲು ಒಡೆಯುವ ವಿದ್ಯೆಯೇ ನೆಲ ಉಳಿಸುವ ವಿದ್ಯೆಯೂ ಆಯಿತು. ನಮ್ಮ ಕ್ವಾರಿಗಳಲ್ಲಿ ದುಡಿದ ಕೈಗಳಿಗೂ ಇಂಥ ಕೆಲಸ ಕೊಡಬಹುದಲ್ಲ ಎಂದು ನನಗೆ ಆಸೆ.

ಇನ್ನು ಮರದ ಪ್ರಶ್ನೆ. ಸಸಿ ನೆಡುವುದನ್ನು ವಿರೋಧಿಸುವವರು ಅಪರೂಪ, ವಿರೋಧಿಸಿದರೆ ಜನ ವಿಚಿತ್ರವಾಗಿ ನೋಡುತ್ತಾರೆ. ಆದರೆ ಕರ್ನಾಟಕ ಈ ವಾದವನ್ನು ಈಗಾಗಲೇ ಒಮ್ಮೆ ಬೀದಿಯಲ್ಲಿ ಮಾಡಿ ಗೆದ್ದಿದೆ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ರೇಯಾನ್ ತಿರುಳಿನ ಕಾರ್ಖಾನೆಗೆಂದು ಊರಿನ ಸಾಮುದಾಯಿಕ ನೆಲದಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ಹಚ್ಚಿದರು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಜನರ ಆಕ್ಷೇಪ ಹಸಿರಿನ ಮೇಲಿರಲಿಲ್ಲ. ದನ ಮುಟ್ಟದ, ಮೇವು ಕೊಡದ, ಊರಿನ ಕೈ ತಪ್ಪಿಸುವ ಹಸಿರಿನ ಮೇಲಿತ್ತು. ಮೂವತ್ತು ವರ್ಷಗಳ ನಂತರ, 2017ರಲ್ಲಿ, ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಾವೇರಿ ಜಿಲ್ಲೆಯಲ್ಲೇ ಇರುವ ರಾಣೆಬೆನ್ನೂರು ಅಭಯಾರಣ್ಯವನ್ನೂ ನೋಡಬಹುದು. 1974ರಲ್ಲಿ ಕೃಷ್ಣಮೃಗಕ್ಕೆಂದು ಘೋಷಿಸಿದ ಆ ಕಾಡಿನ ಬಹುಭಾಗ ನೀಲಗಿರಿ ನೆಡುತೋಪು. ಕೃಷ್ಣಮೃಗ ಬಯಲಿನ ಪ್ರಾಣಿ, ದೂರದವರೆಗೆ ಕಣ್ಣು ಹಾಯುವ ಹುಲ್ಲುನೆಲ ಬೇಕು ಅದಕ್ಕೆ. ಹುಲ್ಲುಗಾವಲಿನ ಮೇಲೆ ಮರ ತುಂಬಿಸುವುದು ಆ ನೆಲಕ್ಕೆ ಇನ್ನೊಂದು ಬಗೆಯ ಗಣಿಗಾರಿಕೆಯೇ ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ಎದುರಾಗಿ ಮೊಂಬಾಸಾದ ಉದಾಹರಣೆ ಕೊಡುವವರಿದ್ದಾರೆ, ಅದು ಗಟ್ಟಿ ಉದಾಹರಣೆಯೇ. ಕೀನ್ಯಾದ ಕಡಲತಡಿಯಲ್ಲಿ ಬಂಬೂರಿ ಸಿಮೆಂಟ್ ಕಂಪನಿ 1954ರಿಂದ ಹವಳದ ಸುಣ್ಣಕಲ್ಲು ತೆಗೆಯುತ್ತಿತ್ತು. 1971ರಲ್ಲಿ ರೆನೆ ಹಾಲರ್ ಎಂಬ ಸ್ವಿಸ್ ಕೃಷಿತಜ್ಞ ಅದರ ಬೋಳು ತಳದಲ್ಲಿ 26 ಜಾತಿಯ ಮರಗಳನ್ನು ನೆಟ್ಟು ನೋಡಿದರು. ಬದುಕಿದ್ದು ಮೂರು, ಅವುಗಳಲ್ಲಿ ಗೆದ್ದದ್ದು ನಮ್ಮ ಕರಾವಳಿಯವರಿಗೆ ಗೊತ್ತಿರುವ ಗಾಳಿಮರ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿಯುತ್ತವೆ. ಉದುರಿದ ಸೂಜಿಯೆಲೆ ಮಾತ್ರ ಕೊಳೆಯದೆ ರಾಶಿಬಿತ್ತು. ಆಗ ಹಾಲರ್ ಅದನ್ನು ತಿನ್ನುವ ಕೆಂಪುಕಾಲಿನ ಸಾವಿರಕಾಲಿನ ಹುಳುಗಳನ್ನು ತಂದು ಬಿಟ್ಟರು, ಅವುಗಳ ಹಿಕ್ಕೆಯಿಂದ ಮಣ್ಣು ಕಟ್ಟತೊಡಗಿತು, ಆಮೇಲೆ ನೂರಾರು ಜಾತಿಯ ಗಿಡಗಳು ನೆಲೆಸಿದವು. ಇದನ್ನು ನಾನು ಮೆಚ್ಚುತ್ತೇನೆ. ಆದರೆ ಅಲ್ಲಿ ಮೇಲ್ಮಣ್ಣು ಎಂಬುದೇ ಉಳಿದಿರಲಿಲ್ಲ, ಮಳೆ ನಮ್ಮ ಬಯಲುಸೀಮೆಗಿಂತ ಹೆಚ್ಚು, ಸುತ್ತಲಿನದು ಕಡಲತಡಿಯ ಕಾಡಿನ ನೆಲ. ಅಲ್ಲಿ ಗೆದ್ದದ್ದು ಗಾಳಿಮರ ಎನ್ನುವುದಕ್ಕಿಂತ, ಮಣ್ಣಿನ ಜೀವ ಕಟ್ಟಿದ ಮೇಲೆ ಉಳಿದದ್ದು ಬಂತು ಎಂಬ ಕ್ರಮ ಗೆದ್ದಿತು. ಗುರುಗ್ರಾಮದಲ್ಲಿ ಹಿಂದೆ ಕಲ್ಲು ಕ್ವಾರಿ, ಕ್ರಷರುಗಳಿದ್ದ ಜಾಗದಲ್ಲಿ ಎದ್ದ ಅರಾವಳಿ ಜೀವವೈವಿಧ್ಯ ಉದ್ಯಾನದಲ್ಲೂ ಅಷ್ಟೇ, ಅವರು ಹುಡುಕಿದ್ದು ಅರಾವಳಿಯದೇ ಆದ ಧೌ ಮುಂತಾದ ಗಿಡಗಳನ್ನು. ಆಯಾ ನೆಲದಲ್ಲಿ ಮೊದಲು ಏನಿತ್ತು ಎಂಬುದೇ ಅಳತೆಗೋಲು. ಚಿತ್ರದುರ್ಗದ ಗರಸುದಿಬ್ಬದಲ್ಲಿ ಇದ್ದದ್ದು ಹುಲ್ಲು ಮತ್ತು ಕುರುಚಲು.

ಹುಲ್ಲು ತರುವ ಕೆಲಸ ಹೇಗೆ ಎಂದು ಕೇಳಬಹುದು. ಅಂಗಡಿಯಲ್ಲಿ ಇದರ ಬೀಜ ಸಿಗುವುದಿಲ್ಲ, ಸಿಗುವುದು ಹೊರಗಿನ ಮೇವಿನ ತಳಿಗಳು. ಯುರೋಪಿನಲ್ಲಿ ಬೀಜಸಮೇತ ಹುಲ್ಲನ್ನು ಕೊಯ್ದು ಹಾಳುನೆಲದ ಮೇಲೆ ಹರಡುವ ರೂಢಿ ಇದೆ, ನಮಗೂ ಅದೇ ಸರಳ. ಪಕ್ಕದ ಕಾವಲಿನಲ್ಲೋ ಉಳಿದ ಗೋಮಾಳದಲ್ಲೋ ಹಿಂಗಾರು ಮುಗಿಯುವ ಹೊತ್ತಿಗೆ ಹುಲ್ಲು ಬಲಿತು ಬೀಜ ಉದುರುವ ಮುನ್ನ ಒಂದಷ್ಟು ಭಾಗವನ್ನು ಕೊಯ್ದು ಒಣಗಿಸಿ ಇಡಬೇಕು. ಮುಂಗಾರಿನ ಮೊದಲ ಮಳೆಗೆ ಮುಂಚೆ ಸೀಳಿದ ತಳದ ಮೇಲೆ ತೆಳ್ಳಗೆ ಹರಡಬೇಕು. ಒಣಹುಲ್ಲು ನೆರಳಾಗುತ್ತದೆ, ತೇವ ಹಿಡಿಯುತ್ತದೆ, ಬೀಜವನ್ನೂ ಕೊಡುತ್ತದೆ. ಊಬಿನ ಹುಲ್ಲಿನ ಬೀಜ ನೋಡಿದವರಿಗೆ ಅದರ ಜಾಣತನ ಗೊತ್ತು. ಬಾಲದಂತಿರುವ ಊಬು ತೇವ ತಾಗಿದಾಗ ಬಿಚ್ಚುತ್ತದೆ, ಒಣಗಿದಾಗ ತಿರುಚುತ್ತದೆ, ಹೀಗೆ ತಿರುಗುತ್ತಾ ಚೂಪಾದ ಬೀಜವನ್ನು ನೆಲದೊಳಗೆ ಕೊರೆದು ಇಳಿಸುತ್ತದೆ. ನೆಡುವ ಕೆಲಸವನ್ನು ಅದು ತಾನೇ ಮಾಡಿಕೊಳ್ಳುತ್ತದೆ, ನಾವು ಮಾಡಬೇಕಾದ್ದು ತಳವನ್ನು ಸಡಿಲ ಮಾಡಿಕೊಡುವುದು. ಸಾರಜನಕಕ್ಕೆ ಕೊಗ್ಗಿಲಿಯಂಥ ಕಾಡು ದ್ವಿದಳ ಗಿಡಗಳ ಬೀಜವನ್ನು ಕೈಯಲ್ಲಿ ಎರಚಬಹುದು. ತುಗ್ಗಲಿ, ಕಗ್ಗಲಿಯ ಬೀಜವನ್ನು ಅಲ್ಲಲ್ಲಿ ಊರಬಹುದು, ಸಾಲುಹಿಡಿದು ಅಲ್ಲ.

ಮೇಯಿಸುವವರನ್ನು ಬಿಟ್ಟು ಇದು ಆಗದು. ಬೇಲಿ ಹಾಕಿ ಕಾವಲುಗಾರನನ್ನು ಇಟ್ಟರೆ ಮೊದಲ ಬೇಸಿಗೆಯಲ್ಲೇ ಬೇಲಿ ಹೋಗುತ್ತದೆ, ಅದರಲ್ಲಿ ಕುರಿಗಾರರ ತಪ್ಪೇನೂ ಇಲ್ಲ. ಗರಸಿಗಾಗಿ ಅವರ ಮೇವನ್ನು ಕಿತ್ತುಕೊಂಡವರು, ಈಗ ಉಳಿದದ್ದಕ್ಕೂ ಬೇಲಿ ಹಾಕಿದರೆ ಅವರು ಯಾಕೆ ಸುಮ್ಮನಿರಬೇಕು? ಎರಡು ಮೂರು ಮಳೆಗಾಲ ದನ ಕುರಿ ಬಿಡದೆ ಹುಲ್ಲನ್ನು ಕೊಯ್ದು ಒಯ್ಯುವ ಹಕ್ಕನ್ನು ಮೊದಲು ಆ ಕುಟುಂಬಗಳಿಗೆ ಕೊಡಬೇಕು. ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಪಡೆಯುವುದು ನಮ್ಮ ರೈತರಿಗೆ ಹೊಸದಲ್ಲ, ಅದಕ್ಕೆ ಕುರಿಗಾರರಿಗೆ ಕಾಳುಕಡಿಯನ್ನೋ ಹಣವನ್ನೋ ಕೊಡುತ್ತಾರೆ. ಗುಂಡಿಯ ತಳದಲ್ಲೂ ಹುಲ್ಲು ಹರಡುವ ಮುನ್ನ, ಬೇಸಿಗೆಯಲ್ಲಿ, ಕೆಲವು ರಾತ್ರಿ ಮಂದೆ ತರುಬಿಸಬಹುದು. ಜಾಲಿಯ ಕಾಯಿ ತಿಂದು ಬಂದ ಮಂದೆಯಾದರೆ ಬೇಡ. ಎಲಚಿ ಹಣ್ಣು ತಿಂದ ಮಂದೆಯಾದರೆ ಗೊಬ್ಬರದ ಜೊತೆ ಬೀಜವೂ ಬಂತು. ಯಾವ ಮಂದೆ ಎಲ್ಲಿ ಮೇದು ಬಂದಿದೆ ಎಂದು ಗೊತ್ತಿರುವುದು ಕುರಿಗಾರರಿಗೇ.

ಕೆಲವು ಊರಿನವರು ಗುಂಡಿಯನ್ನು ಕೆರೆ ಮಾಡಿಕೊಡಿ ಎನ್ನುತ್ತಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ಆಟನ್‌ಬರೋದಲ್ಲಿ ಗರಸು ತೆಗೆದ ಗುಂಡಿಗಳು ನೀರಹಕ್ಕಿಗಳ ಆಶ್ರಯವಾಗಿವೆ, ಡೇವಿಡ್ ಆಟನ್‌ಬರೋ 1966ರಲ್ಲಿ ಅದನ್ನು ಉದ್ಘಾಟಿಸಿದರು. ಅದು ನದಿ ಕಣಿವೆಯ ಗರಸು, ಅಗೆದರೆ ಅಂತರ್ಜಲವೇ ಬರುತ್ತದೆ. ನಮ್ಮದು ದಿಬ್ಬದ ಗರಸು. ಸರಿಯಾದ ಓರೆಯಲ್ಲಿದ್ದರೆ ಒಂದು ಮೂಲೆಯಲ್ಲಿ ದನಕ್ಕೆ ನೀರಿನ ಹೊಂಡ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನೆಟ್ಟಗಿನ ಬದಿಯ ಗುಂಡಿಯಲ್ಲಿ ಮಳೆನೀರು ತುಂಬಿದರೆ ಅದು ಕೆರೆಯಲ್ಲ. ಇಂಥ ಗುಂಡಿಗಳಲ್ಲಿ ಈಜಲು ಹೋದ ಮಕ್ಕಳು, ನೀರು ಕುಡಿಯಲು ಇಳಿದ ದನಗಳು ಮುಳುಗಿದ ಸುದ್ದಿ ಮಳೆಗಾಲದಲ್ಲಿ ಬರುತ್ತಲೇ ಇರುತ್ತದೆ. ಬದಿ ಇಳಿಜಾರು ಮಾಡದೆ ಹೋಗುವುದು ಸಸ್ಯದ ವಿಷಯದಲ್ಲಷ್ಟೇ ಅಲ್ಲ, ಜೀವದ ವಿಷಯದಲ್ಲೂ ಅಪರಾಧ.

ಕಾನೂನಿನ ದಾರಿ ಏರಿಳಿತದ್ದು. ಚಿಕ್ಕ ಗಣಿಗಳು ಚಿಕ್ಕವೆಂಬ ಕಾರಣಕ್ಕೇ ಬಹುಕಾಲ ತಪ್ಪಿಸಿಕೊಂಡವು. 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಹೆಕ್ಟೇರಿಗಿಂತ ಕಡಿಮೆಯ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. 2020ರ ಮಾರ್ಚ್ 28ರಂದು ಕೇಂದ್ರ ಸರ್ಕಾರ ರಸ್ತೆ, ಕೊಳವೆ ಮಾರ್ಗಗಳಂಥ ಕಾಮಗಾರಿಗೆ ಸಾಮಾನ್ಯ ಮಣ್ಣು ತೆಗೆಯಲು ಅನುಮತಿಯೇ ಬೇಡವೆಂದು ಅಧಿಸೂಚನೆ ಹೊರಡಿಸಿತು. ಎಷ್ಟು ಮಣ್ಣು, ಎಷ್ಟು ಜಾಗ ಎಂಬ ಮಿತಿಯೇ ಅದರಲ್ಲಿರಲಿಲ್ಲ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದು ಮಾಡಿತು. ಹುಲ್ಲು ಬೆಳೆಸಿ ಎಂದ ಆದೇಶ ಬಂದ ಮೂರೇ ತಿಂಗಳಿಗೆ ಅಗೆಯಲು ಮುಕ್ತ ಪರವಾನಗಿ ಕೊಟ್ಟ ಅಧಿಸೂಚನೆ ನಾಲ್ಕು ವರ್ಷ ಜಾರಿಯಲ್ಲಿತ್ತು. ಮೇಲಿನ ಆದೇಶಗಳನ್ನಷ್ಟೇ ನಂಬಿ ಕೂರಬಾರದು ಎನ್ನುವುದಕ್ಕೆ ಇಷ್ಟು ಸಾಕು.

ನಂಬಬೇಕಾದ್ದು ಹಣದ ಹಿಡಿತವನ್ನು ಮತ್ತು ಊರಿನ ಕಣ್ಣನ್ನು. ಗುತ್ತಿಗೆದಾರನಿಂದ ಹೆಕ್ಟೇರಿನ ಲೆಕ್ಕದಲ್ಲಿ ಠೇವಣಿ ಪಡೆದು, ಸಸಿಗಳ ಫೋಟೊ ನೋಡಿ ಹಿಂದಿರುಗಿಸುವ ಪದ್ಧತಿ ಬೇಡ. ಮೂರನೆಯ ಮಳೆಗಾಲ ಮುಗಿದ ಮೇಲೆ, ನೀರೆರೆಯದೆ ಗೊಬ್ಬರ ಹಾಕದೆ ತಳದ ಬಹುಭಾಗವನ್ನು ಸ್ಥಳೀಯ ಹುಲ್ಲು ಮುಚ್ಚಿದೆಯೇ ಎಂದು ನೋಡಿ ಬಿಡುಗಡೆ ಮಾಡಬೇಕು. ನೋಡುವವರಲ್ಲಿ ಇಲಾಖೆಯ ಅಧಿಕಾರಿಯ ಜೊತೆ ಊರಿನ ಇಬ್ಬರು ಕುರಿಗಾರರು ಇರಬೇಕು, ಅವರ ಸಹಿ ಇಲ್ಲದೆ ಹಣ ಬಿಡಬಾರದು. ವಾರಸುದಾರರಿಲ್ಲದ ಹಳೆಯ ಗುಂಡಿಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಈ ನಿಧಿಯ ಆದ್ಯತೆಯ ಪಟ್ಟಿಯಲ್ಲಿ ಪರಿಸರ ಸಂರಕ್ಷಣೆಯೂ ಇದೆ. ಆ ಹಣ ಕಟ್ಟಡಗಳಿಗೆ ಹೋಗುವುದಕ್ಕಿಂತ ಮೊದಲು, ಯಾವ ನೆಲದಿಂದ ಅದು ಬಂತೋ ಆ ನೆಲಕ್ಕೆ ಹೋಗಲಿ.

ಗ್ರಾಮ ಪಂಚಾಯಿತಿಯ ಸದಸ್ಯರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಊರಿನ ಗೋಮಾಳದಲ್ಲಿ ಗರಸು ತೆಗೆಯಲು ಒಪ್ಪಿಗೆ ಕೇಳಿ ಕಾಗದ ಬಂದಾಗ, ಸಹಿ ಹಾಕುವ ಮುಂಚೆ ಮೇಲ್ಮಣ್ಣನ್ನು ಎಲ್ಲಿ ಇಡುತ್ತೀರಿ, ಯಾವ ಪಟ್ಟೆಯಿಂದ ಶುರು ಮಾಡಿ ಯಾವುದರಲ್ಲಿ ಮುಗಿಸುತ್ತೀರಿ ಎಂದು ನಕ್ಷೆಯ ಮೇಲೆ ತೋರಿಸಲು ಹೇಳಿ. ತೋರಿಸಲು ಬಾರದವರಿಗೆ ಒಪ್ಪಿಗೆ ಕೊಡಬೇಡಿ.